ಊರ ಗ್ರಂಥಾಲಯದಲ್ಲಿ ಗಣಕಯಂತ್ರದ ಅಭ್ಯಾಸ

(ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)

 

ಮಠದ ಮಹೋತ್ಸವದಲ್ಲಿ ಗಣಕಯಂತ್ರದ ಪ್ರಸ್ತಾಪವೇಕೆ ಎಂಬ ಶಂಕೆಯು ಹಿರಿಯರಾದ ಕೆಲವರಿಗೆ ಹುಟ್ಟಬಹುದು. ಶಂಕೆಯು ಸಹಜವಾದುದೇ. ಅದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ವಚನವಾಙ್ಮಯವು ಜನರ ಕೈಗೆ ಮರಳಿ ಬಂದ ಕಥೆಯಲ್ಲಿಯೇ ಅದು ಇರುವುದು.

ಶರಣರ ವಚನಗಳನ್ನು ಹೊತ್ತ ತಾಡವೋಲೆಯ ಕಟ್ಟುಗಳು ಒಂದು ಕಾಲದಲ್ಲಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಧಾರಾಳವಾಗಿದ್ದವು. ಅವುಗಳಿಗೆ ಗೌರವದ ಕೊರತೆಯೇನೂ ಇರಲಿಲ್ಲ. ಜಗಲಿಯ ಮೇಲಿರಿಸಿ, ವಿಭೂತಿ ಧರಿಸಿ, ಪತ್ರೆ ಪುಷ್ಪಗಳನ್ನೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ೧೮೮೦ನೆಯ ಇಸವಿಯಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಅರಸಿಕೊಂಡು ಹೋಗಿ, ಪ್ರತಿಮಾಡಿ, ಪಾಠಗಳನ್ನು ಹೋಲಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚುಹಾಕಿಸಿದರು. ೧೯೨೫ರಲ್ಲಿ, ಇದ್ದ ಮನೆಯನ್ನೇ ಮಾರಿ, ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಅಚ್ಚಿನ ಮೊಳೆಯು ಅಂದಿನ ಹಳ್ಳಿಗರಿಗೆ ಅಪರಿಚಿತವಾದ ಯಂತ್ರವೇ ಆಗಿದ್ದಿತು. ಆ ಯಂತ್ರದ ಮಸಿಯನ್ನು ಕೈಗೆ ಹತ್ತಿಸಿಕೊಳ್ಳಲು ಹಳಕಟ್ಟಿಯವರು ಹಿಂದೆಗೆದಿದ್ದರೆ, ಜಗಲಿಯ ಮೇಲಿನ ಓಲೆಗಳು ಹುಳುವಿಗೆ ಆಹಾರವಾಗುವ ಪರ್ಯಂತ ಪೂಜೆಗೊಳ್ಳುತ್ತಲೇ ಇರುತ್ತಿದ್ದವು.

ಇನ್ನು ಈ ಸೀಮೆಯ ಕಡೆಗೆ ನೋಡತಕ್ಕದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಕೂಡಿ ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿರುವುವು. ಮಳೆಯು ಕಡಿಮೆಯಾದ ನಾಡು. ಕಡಲೆಕಾಯಿ, ರಾಗಿಗಳನ್ನು ನೆಚ್ಚಿ ಬಾಳುವ ನಾಡು. ಬೆಳೆ ಕೆಟ್ಟ ವರ್ಷ ಹರೆಯದವರು ಬೆಂಗಳೂರಿನ ದಾರಿ ಹಿಡಿಯುವ ನಾಡು. ಇಲ್ಲಿಯ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೂ ರಾಜ್ಯದ ಉಳಿದೆಡೆಯಂತೆ ಗಣಕಯಂತ್ರಗಳ ಕಾಲವು ಬಂದಿದೆ. ಸಂತೋಷದ ಸಂಗತಿಯೇ. ಆದರೆ ಊರಿಗೆ ಬಂದ ಹೊಸ ಯಂತ್ರಕ್ಕೆ ಮೊದಲನೆಯ ದಿವಸ ಅರಿಸಿನ ಕುಂಕುಮಗಳನ್ನಿಟ್ಟು ಕಾಯಿ ಒಡೆದು, ಧೂಳು ಬೀಳದಂತೆ ವಸ್ತ್ರವನ್ನು ಮುಚ್ಚಿ, ಮಕ್ಕಳು ಮುಟ್ಟಿ ಕೆಡಿಸಿಯಾರೆಂಬ ಭೀತಿಯಿಂದ ಬೀಗದ ಒಳಗಿಟ್ಟು, ಮುಂದಿನ ಆಯುಧಪೂಜೆಗೆ ಮುಸುಕು ತೆಗೆಯುವ ಪದ್ಧತಿಯು ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಕಾಣಬರುವುದುಂಟು. ಇದು ತಾಡವೋಲೆಯ ಕಥೆಯೇ ಮರಳಿ ಬಂದಂತೆ. ವಸ್ತುವಿಗೆ ಪೂಜೆ ಸಲ್ಲುವುದು, ಕೆಲಸ ಮಾತ್ರ ನಡೆಯದು. ಗ್ರಂಥಾಲಯದಲ್ಲಿ ಗಣಕವಿರುವುದು ಬೇರೆ, ಗಣಕದ ಅಭ್ಯಾಸ ನಡೆಯುವುದು ಬೇರೆ. ಈ ಉಪನ್ಯಾಸವು ಎರಡನೆಯದನ್ನು ಕುರಿತದ್ದು.

ಸಾರ್ವಜನಿಕ ಗ್ರಂಥಾಲಯವೆಂಬುದು ಯಾರ ಔದಾರ್ಯದಿಂದಲೋ ನಡೆಯುವ ಛತ್ರವಲ್ಲ. ಈ ರಾಜ್ಯದಲ್ಲಿ ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಮೇರೆಗೆ ಅದು ಏರ್ಪಟ್ಟಿರುವುದು. ಜನರು ಕೊಡುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುವುದು. ಎಂದಮೇಲೆ ಗುಡಿಸಲಲ್ಲಿರುವವನಿಗೂ ಅದರ ಬಾಗಿಲಲ್ಲಿ ಹಕ್ಕುಂಟು. ಹಳ್ಳಿಗಳ ೫,೬೦೦ಕ್ಕೂ ಮಿಕ್ಕ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ಆರಂಭವಾಗಿ, ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವವು ದೊರೆಯಿತು. ತರುವಾಯ ಶಿಕ್ಷಣ ಫೌಂಡೇಶನ್ ಮೊದಲಾದ ಸಂಸ್ಥೆಗಳ ಸಹಕಾರದಿಂದ ‘ಗ್ರಾಮ ಡಿಜಿ ವಿಕಸನ’ವೆಂಬ ಕಾರ್ಯಕ್ರಮವನ್ನು ಕೈಕೊಂಡು, ಗ್ರಾಮ ಗ್ರಂಥಾಲಯಗಳಲ್ಲಿ ಯಂತ್ರಗಳ ಮೂಲಕ ಕಲಿಕೆಗೆ ದಾರಿಮಾಡಲಾಯಿತು. ಈಗ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರು ಬಂದಿದೆ. ಅರಿವೆಂಬ ಶಬ್ದದ ಭಾರವೆಷ್ಟೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿಟ್ಟವರು ತಿಳಿದಿಟ್ಟರೋ ತಿಳಿಯದೆ ಇಟ್ಟರೋ, ಹೊರಲು ಸುಲಭವಲ್ಲದ ಹೆಸರನ್ನೇ ಇಟ್ಟಿರುವರು.

ಗ್ರಂಥಾಲಯ ಶಾಸ್ತ್ರದ ಆಚಾರ್ಯರೆನಿಸಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಅಲ್ಲಿಯೇ ದೇಹಬಿಟ್ಟ ಎಸ್. ಆರ್. ರಂಗನಾಥನ್ ಅವರು ೧೯೩೧ರಷ್ಟು ಹಿಂದೆಯೇ ತಮ್ಮ ಪಂಚಸೂತ್ರಗಳಲ್ಲಿ ಮೊದಲನೆಯದಾಗಿ, ಪುಸ್ತಕವಿರುವುದು ಬಳಕೆಗಾಗಿ ಎಂಬರ್ಥದ ಸೂತ್ರವನ್ನಿಟ್ಟರು. ಇಷ್ಟು ಸರಳವಾದ ಮಾತಿಗೆ ಸೂತ್ರವೇಕೆ ಬೇಕಾಯಿತೆಂದರೆ, ಪೂರ್ವದಲ್ಲಿ ಪಶ್ಚಿಮ ದೇಶಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದರು. ಮುಸುಕು ಹೊದಿಸಿದ ಗಣಕಕ್ಕೂ ಸರಪಳಿ ಬಿಗಿದ ಪುಸ್ತಕಕ್ಕೂ ವ್ಯತ್ಯಾಸವೇನು?

ಇಷ್ಟಕ್ಕೂ ಹಳ್ಳಿಯ ಗೃಹಸ್ಥನಿಗೆ ಈ ವಿದ್ಯೆಯಿಲ್ಲದಿದ್ದರೆ ಆಗುವ ಹಾನಿಯೇನು? ಅದನ್ನು ತಿಳಿಯಲು ಭೂಮಿಯ ಲೆಕ್ಕದ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. ಹಿಂದೆ ಊರಿನ ಹೊಲಗದ್ದೆಗಳ ವಿವರವೆಲ್ಲ ಶಾನುಭೋಗರ ಕಡತದಲ್ಲಿರುತ್ತಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಮಸಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಡಿಸಿದ ಆ ಕಪ್ಪು ಕಡತದ ಮೇಲೆ ಬಳಪದಿಂದ ಬರೆದುದೇ ರೈತನ ಹಣೆಯ ಬರಹ. ವಿಜಾಪುರದ ಸುಲ್ತಾನರು ಹೋಗಿ, ಶಿರಾ ಪಟ್ಟಣವು ಮೊಗಲರ ಸುಬಾದ ಮುಖ್ಯಸ್ಥಾನವಾಗಿ, ಅದೂ ಹೋಗಿ, ಮೈಸೂರಿನವರ ಆಳಿಕೆ ಬಂದರೂ ಊರಿನ ಕಡತವು ಮಾತ್ರ ಶಾನುಭೋಗರ ಮನೆಯ ಅಟ್ಟವನ್ನು ಬಿಡಲಿಲ್ಲ. ಶಾನುಭೋಗರಲ್ಲಿ ಧರ್ಮಿಷ್ಠರಿದ್ದರು, ಹಾಗಲ್ಲದವರೂ ಇದ್ದರು. ಅದು ಮುಖ್ಯವಲ್ಲ. ರೈತನು ತನ್ನ ನೆಲದ ಲೆಕ್ಕವನ್ನು ತಾನು ಓದಲಾರದೆ, ಓದಬಲ್ಲವರ ಒಳ್ಳೆಯತನವನ್ನೇ ನಂಬಿ ಬಾಳಬೇಕಾಗಿದ್ದಿತೆಂಬುದು ಮುಖ್ಯ.

೧೯೬೧ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಕಡತವು ಸರ್ಕಾರದ ಗ್ರಾಮಲೆಕ್ಕಿಗರ ಕೈಗೆ ಹೋಯಿತು. ಅನಂತರ ‘ಭೂಮಿ’ ಯೋಜನೆಯು ಬಂದು, ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿದವು. ೨೦೦೨ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲದಾಯಿತು. ಈಗ ಒಂದು ಸರ್ವೆ ನಂಬರಿನ ಪಹಣಿಯನ್ನು ಯಾರು ಬೇಕಾದರೂ ಎಲ್ಲಿ ಕುಳಿತಾದರೂ ತೆರೆದು ನೋಡಬಹುದು. ಶತಮಾನಗಳ ಕಾಲ ಅಟ್ಟದ ಮೇಲಿದ್ದ ಕಡತವು ಬಯಲಿಗೆ ಬಂದಿದೆ. ಇದು ಸಾಮಾನ್ಯವಾದ ಬದಲಾವಣೆಯಲ್ಲ.

ಆದರೆ ಬಯಲಿನಲ್ಲಿರುವುದನ್ನು ನೋಡಲು ಕಣ್ಣು ಬೇಕು. ಗಣಕವನ್ನು ಮುಟ್ಟಲರಿಯದ ರೈತನು ಪೇಟೆಯ ಅಂಗಡಿಗೆ ಹೋಗಿ, ‘ಸ್ವಾಮಿ, ಸ್ವಲ್ಪ ನೋಡಿಕೊಡಿ’ ಎಂದು ನಿಲ್ಲುವನು. ಶಾನುಭೋಗರ ಪಡಸಾಲೆಯಲ್ಲಿ ಅವನ ತಾತ ನಿಂತಿದ್ದಂತೆಯೇ ಇದು. ತಾತನಾದರೂ ಒಬ್ಬರ ಮುಂದೆ ನಿಲ್ಲುತ್ತಿದ್ದನು. ಮೊಮ್ಮಗನು ಪಹಣಿಗೊಬ್ಬರು, ಪಿಂಚಣಿಗೊಬ್ಬರು, ಮಗಳ ವಿದ್ಯಾರ್ಥಿವೇತನಕ್ಕೆ ಇನ್ನೊಬ್ಬರು, ಹೀಗೆ ಹಲವರ ಮುಂದೆ ನಿಲ್ಲಬೇಕಾಗಿದೆ. ಪ್ರತಿಯೊಬ್ಬರಿಗೂ ಆಧಾರ್ ಸಂಖ್ಯೆಯನ್ನು ಹೇಳಬೇಕು. ಫೋನಿಗೆ ಬಂದ ಗುಟ್ಟಿನ ಅಂಕಿಗಳನ್ನೂ ಓದಿ ಹೇಳಬೇಕು. ಕೆಲವೊಮ್ಮೆ ಫೋನನ್ನೇ ಕೈಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕಾಯುತ್ತ ಕುಳಿತಿರಬೇಕು. ಆ ಅಂಗಡಿಗಳವರಲ್ಲಿ ಪ್ರಾಮಾಣಿಕರೇ ಬಹುಮಂದಿ ಎಂದಿಟ್ಟುಕೊಳ್ಳೋಣ. ಆದರೂ ಮನೆಯ ಬೀಗದ ಕೈಯನ್ನು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಕೊಟ್ಟು ಬರುವ ಗೃಹಸ್ಥನನ್ನು ಯಾರೂ ವಿವೇಕಿಯೆನ್ನರು.

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ೨೦೧೮ರಲ್ಲಿ ಉದ್ಘಾಟನೆಗೊಂಡ ಸೌರವಿದ್ಯುತ್ತಿನ ಕ್ಷೇತ್ರವನ್ನು ಸಭಿಕರಲ್ಲಿ ಅನೇಕರು ಕಂಡಿರಬಹುದು. ೧೩,೦೦೦ ಎಕರೆಯಷ್ಟು ವಿಸ್ತಾರ. ೨,೦೫೦ ಮೆಗಾವಾಟಿನಷ್ಟು ಶಕ್ತಿ. ಅಲ್ಲಿಯ ರೈತರು ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಗುತ್ತಿಗೆಯ ಹಣವು ವರ್ಷವರ್ಷವೂ ಬರತಕ್ಕದ್ದು. ತಿರುಮಣಿ, ವಳ್ಳೂರು ಮೊದಲಾದ ಹಳ್ಳಿಗಳ ಅಂಥ ಒಬ್ಬ ರೈತನಿಗೆ ಪಹಣಿಯ ೯ನೆಯ ಕಾಲಮಿನಲ್ಲಿ ತನ್ನ ಹೆಸರು ಸರಿಯಾಗಿದೆಯೇ, ೧೧ನೆಯದರಲ್ಲಿ ತಾನರಿಯದ ಸಾಲವೇನಾದರೂ ನಮೂದಾಗಿದೆಯೇ, ಬ್ಯಾಂಕಿನ ಲೆಕ್ಕಕ್ಕೆ ಹಣವೆಷ್ಟು ಬಂದಿತು ಎಂಬಿಷ್ಟನ್ನು ಸ್ವತಃ ಓದಿಕೊಳ್ಳಲು ಬರುವುದೋ ಬಾರದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಅದನ್ನು ತಿದ್ದಿಸುವುದರೊಳಗೆ ಬಹಳ ದಿವಸಗಳು ಕಳೆಯುವುವು. ತಪ್ಪನ್ನು ಮೊದಲೇ ಕಂಡವನು ಮೊದಲೇ ಅರ್ಜಿಯನ್ನು ಹಾಕುವನು.

ಹಾಗಾದರೆ ಗ್ರಂಥಾಲಯದಲ್ಲಿ ಏನನ್ನು ಕಲಿಸತಕ್ಕದ್ದು? ಯಂತ್ರದ ಒಳಗೇನಿದೆ, ಅದನ್ನು ಮೊದಲು ಕಟ್ಟಿದವರಾರು ಎಂಬುದರಿಂದ ಪಾಠಗಳು ತೊಡಗುವುದುಂಟು. ಪರೀಕ್ಷೆ ಬರೆಯುವ ಹುಡುಗರಿಗೆ ಅದು ಸರಿ. ಐವತ್ತು ದಾಟಿದ ರೈತನಿಗೂ ಅವನ ಮನೆಯಾಕೆಗೂ ಅದರಿಂದ ಪ್ರಯೋಜನವಿಲ್ಲ. ಅವರಿಗೆ ಮೊದಲನೆಯ ಪಾಠವು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುವುದಾಗಿರಬೇಕು. ಇಲ್ಲಿ ಪಾಠಶಾಲೆಯ ಹಳೆಯ ವಿದ್ಯೆಯು ಹೊಸ ಯಂತ್ರಕ್ಕೆ ನೆರವಾಗುವ ಒಂದು ವಿಚಿತ್ರವುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ.

ಕೀಲಿಮಣೆಯ ಮೇಲೆ ಕಾಣುವುದು ಆಂಗ್ಲಭಾಷೆಯ ಇಪ್ಪತ್ತಾರು ಅಕ್ಷರಗಳು. ಕನ್ನಡದ ವರ್ಣಮಾಲೆಯೋ ಅದರ ಇಮ್ಮಡಿಗೆ ಸಮೀಪವಾದುದು. ಗುಣಿತಗಳನ್ನೂ ಒತ್ತಕ್ಷರಗಳನ್ನೂ ಎಣಿಸಿದರೆ ಲೆಕ್ಕವೇ ಸಿಗದು. ಇಷ್ಟನ್ನು ಇಪ್ಪತ್ತಾರು ಕೀಲಿಗಳಲ್ಲಿ ಅಡಗಿಸುವುದು ಹೇಗೆ? ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಇದಕ್ಕೆ ಕಂಡುಕೊಂಡ ಉಪಾಯವು ಕಾಗುಣಿತವೇ. ಯಂತ್ರಕ್ಕೆ ಮೂಲಾಕ್ಷರಗಳನ್ನು ಮಾತ್ರ ಕೊಟ್ಟು, ಗುಣಿತವನ್ನೂ ಒತ್ತನ್ನೂ ಅದು ತಾನೇ ಕೂಡಿಸಿಕೊಳ್ಳುವಂತೆ ಮಾಡಿದರು. ‘ಕೆ’ ಎಂಬ ಕೀಲಿಯನ್ನೊತ್ತಿದರೆ ಕಕಾರ. ಶಿಫ್ಟ್ ಕೀಲಿಯನ್ನು ಹಿಡಿದು ಅದನ್ನೇ ಒತ್ತಿದರೆ ಮಹಾಪ್ರಾಣವಾದ ಖಕಾರ. ‘ಎನ್’ ಒತ್ತಿದರೆ ನ, ಶಿಫ್ಟಿನೊಡನೆ ಣ. ‘ಎಲ್’ ಒತ್ತಿದರೆ ಲ, ಶಿಫ್ಟಿನೊಡನೆ ಳ. ಕಕಾರದ ಮುಂದೆ ಇಕಾರವನ್ನೊತ್ತಿದರೆ ಎರಡೂ ಕೂಡಿ ಕಿ. ಅಕಾರವು ವ್ಯಂಜನದೊಳಗೇ ಇರುವುದರಿಂದ ಅದನ್ನು ಬೇರೆಯಾಗಿ ಒತ್ತಬೇಕಾಗಿಲ್ಲ. ಆದಕಾರಣ ‘ಬಸವ’ ಎಂದು ಬರೆಯಲು ಮೂರೇ ಕೀಲಿಗಳು, ‘ವಚನ’ಕ್ಕೂ ಮೂರೇ. ಇದನ್ನೇ ಆಂಗ್ಲ ಲಿಪಿಯಲ್ಲಿ ಬರೆಯುವವನು ಏಳಕ್ಷರಗಳನ್ನು ಒತ್ತಿ ದಣಿಯಬೇಕು.

ಒತ್ತಕ್ಷರದ ಕ್ರಮವು ಇನ್ನೂ ಸೊಗಸಾದುದು. ‘ಅಕ್ಕ’ ಎಂದು ಬರೆಯಬೇಕಾದರೆ ಅ, ಕ, ಬಳಿಕ ಸ್ವರವನ್ನು ಕಳೆಯುವ ‘ಎಫ್’ ಕೀಲಿ, ಬಳಿಕ ಮತ್ತೆ ಕ. ‘ಧರ್ಮ’ ಎಂದು ಬರೆಯುವಾಗ ಕೈಬರಹದವನು ಮಕಾರವನ್ನು ಬರೆದು ಆಮೇಲೆ ಅರ್ಕಾವೊತ್ತನ್ನು ಕೊಡುವನು. ಕಣ್ಣಿಗೆ ರೇಫವು ಕೊನೆಯಲ್ಲಿ ಕಾಣುವುದು. ಕಿವಿಗೋ ರೇಫವು ಮೊದಲು, ಮಕಾರವು ಆಮೇಲೆ. ಗಣಕವು ಕಿವಿಯ ಕ್ರಮವನ್ನೇ ಹಿಡಿಯುವುದು: ಧ, ರ, ಎಫ್, ಮ. ಅರ್ಕಾವೊತ್ತನ್ನು ಯಂತ್ರವು ತಾನೇ ತಂದು ಅದರ ಸ್ಥಾನದಲ್ಲಿರಿಸುವುದು. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಒಡಲನ್ನೂ ಚಿಹ್ನೆಗಳನ್ನೂ ತುಂಡುತುಂಡಾಗಿ ಜೋಡಿಸಬೇಕಾಗಿದ್ದಿತು. ಇಲ್ಲಿ ಉಚ್ಚಾರಣೆ ಶುದ್ಧವಾಗಿದ್ದರೆ ಬರವಣಿಗೆಯು ಶುದ್ಧ. ಶಾಲೆಯನ್ನು ಮೂರನೆಯ ತರಗತಿಗೆ ಬಿಟ್ಟ ಅಜ್ಜಿಗೂ ಕ, ಕಾ, ಕಿ, ಕೀ ನೆನಪಿರುವುದು. ಅದೇ ಕಾಗುಣಿತವು ಇಷ್ಟು ವರ್ಷಗಳ ಮೇಲೆ ಬೆರಳ ತುದಿಗೆ ಮರಳಿ ಬಂದಾಗ, ಯಂತ್ರವು ಪರಕೀಯವೆಂಬ ಭಯವು ಅರ್ಧಕ್ಕರ್ಧ ಇಳಿದುಹೋಗುವುದು. ಸಂಶಯವುಳ್ಳ ಶಿಕ್ಷಕರು ಒಂದು ವಾರ ಪ್ರಯೋಗ ಮಾಡಿ ನೋಡಬಹುದು.

ಇದೇ ವಿನ್ಯಾಸವು ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವು ಮನೆಮನೆಗಳಲ್ಲಿ ಕನ್ನಡವನ್ನು ಬರೆಸಿತು. ಆಗಿನ ಬರವಣಿಗೆಗೆ ಒಂದು ದೋಷವಿದ್ದಿತು. ಒಂದು ಯಂತ್ರದಲ್ಲಿ ಬರೆದ ಕನ್ನಡವು, ಅದೇ ಅಚ್ಚಕ್ಷರವಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳಾಗಿ ತೋರುತ್ತಿದ್ದಿತು. ಲೋಕದ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ನಿಯಮಿಸಿದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದು ನಿತ್ಯದ ಬಳಕೆಗೆ ಇಳಿಯಲು ಬಹುವರ್ಷ ಹಿಡಿಯಿತು. ಹಳಗನ್ನಡದ ಱ, ೞಗಳಿಗೂ ಅಲ್ಲಿ ಮನ್ನಣೆಯುಂಟೆಂಬುದು ಪಂಡಿತರಿಗೆ ಹರ್ಷವನ್ನುಂಟುಮಾಡತಕ್ಕ ವಿಷಯ. ಗ್ರಂಥಾಲಯದಲ್ಲಿ ಕಲಿಯುವವರು ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯುವ ಅಭ್ಯಾಸವನ್ನು ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಮಧುಗಿರಿಯಲ್ಲಿ ಬರೆದ ಅರ್ಜಿಯು ತುಮಕೂರಿನಲ್ಲಿ ಓದಲ್ಪಡದೆ ಹೋದೀತು.

ಪಾವಗಡದ ಸ್ಥಿತಿಯು ಬೇರೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ಮನೆಯ ಮಾತು ಅನೇಕರಿಗೆ ತೆಲುಗು, ಶಾಲೆಯ ಮಾತು ಕನ್ನಡ. ಎರಡರ ವರ್ಣಮಾಲೆಯ ಕ್ರಮವೂ ಗುಣಿತದ ನ್ಯಾಯವೂ ಒಂದೇ ಆದುದರಿಂದ ಮೇಲೆ ಹೇಳಿದ ಅಭ್ಯಾಸಕ್ಕೆ ತೊಡಕಾಗದು. ತೊಡಕಾಗುವುದು ಪಾಠದ ಮಾತು ಇಂಗ್ಲಿಷಾದಾಗ. ಮೌಸ್, ಫೈಲ್, ಪಾಸ್‌ವರ್ಡ್ ಎಂಬೀ ಶಬ್ದಗಳು ಬಂದರೆ ಬರಲಿ; ಬಸ್ಸು, ಟಿಕೇಟುಗಳು ಬಂದಂತೆ ಅವೂ ಬಾಯಿಗೆ ರೂಢಿಯಾಗುವುವು. ವಿವರಣೆಯು ಮಾತ್ರ ಮನೆಯ ಮಾತಿನಲ್ಲಿರಬೇಕು.

ಎರಡನೆಯ ಪಾಠವು ಗುಟ್ಟನ್ನು ಕಾಪಾಡಿಕೊಳ್ಳುವುದು. ಬ್ಯಾಂಕಿನವರು ಫೋನಿನಲ್ಲಿ ಗುಟ್ಟಿನ ಅಂಕಿಯನ್ನು ಕೇಳುವ ಪದ್ಧತಿಯಿಲ್ಲವೆಂಬುದನ್ನೂ, ಕೇಳುವವನು ವಂಚಕನೆಂಬುದನ್ನೂ, ಹಣ ಹೋಯಿತೆಂದು ತಿಳಿದ ಕ್ಷಣವೇ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನೂ, ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಠಿಣವೆಂಬುದನ್ನೂ ಬಾಯಿಪಾಠ ಮಾಡಿಸಬೇಕು. ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದುದನ್ನು ಈಚಿನವರು ಹಳಿಯುವರು. ಇಂಥ ವಿಷಯಕ್ಕಾದರೋ ಬಾಯಿಪಾಠವೇ ಮೇಲು, ಏಕೆಂದರೆ ವಂಚಕನು ಯೋಚಿಸಲು ಅವಕಾಶವನ್ನು ಕೊಡುವುದಿಲ್ಲ. ಗ್ರಂಥಾಲಯದ ಯಂತ್ರವು ಊರಿಗೆಲ್ಲ ಸೇರಿದ್ದಾದುದರಿಂದ, ಕೆಲಸ ಮುಗಿದ ಮೇಲೆ ತನ್ನ ಖಾತೆಯಿಂದ ಹೊರಬಂದು ಏಳುವುದನ್ನೂ, ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಯಂತ್ರವು ಕೇಳಿದಾಗ ಬೇಡವೆನ್ನುವುದನ್ನೂ ಕೈಗೆ ರೂಢಿಯಾಗುವವರೆಗೆ ಮಾಡಿಸಬೇಕು. ಊರ ಬಾವಿಯ ಬಳಿ ಬಿಂದಿಗೆಯನ್ನು ಮರೆತು ಬಂದರೆ ಮರಳಿ ಸಿಕ್ಕೀತು, ಇದು ಹಾಗಲ್ಲ.

‘ಎಲ್ಲರ ಕೈಯಲ್ಲಿಯೂ ಫೋನಿರುವಾಗ ಗ್ರಂಥಾಲಯದ ಗಣಕವೇಕೆ?’ ಎಂಬ ಆಕ್ಷೇಪವು ತರುಣರಿಂದ ಬರುವುದು. ಹಾಡು ಕೇಳುವುದಕ್ಕೂ ಸುದ್ದಿ ನೋಡುವುದಕ್ಕೂ ಫೋನು ಸಾಕು. ಹಲವು ಪುಟಗಳ ಅರ್ಜಿಯನ್ನು ತುಂಬಿ, ಜಾತಿ ಆದಾಯದ ಪ್ರಮಾಣಪತ್ರಗಳನ್ನು ಜೋಡಿಸಿ, ಒಪ್ಪಿಸುವ ಮುನ್ನ ಮತ್ತೊಮ್ಮೆ ಓದಿ ನೋಡಲು ದೊಡ್ಡ ತೆರೆಯೂ ಮೇಜೂ ನಿಶ್ಶಬ್ದವಾದ ಕೋಣೆಯೂ ಬೇಕು. ಪೊರೆ ಬಂದ ಕಣ್ಣುಗಳಿಗೆ ಪಹಣಿಯ ಸಣ್ಣ ಕಾಲಮುಗಳು ಅಂಗೈಯಗಲದ ಗಾಜಿನಲ್ಲಿ ಕಾಣವು. ಹಿರಿಯರಿಂದ ಬರುವ ಆಕ್ಷೇಪವು ಇನ್ನೊಂದು: ಯಂತ್ರವು ಬಂದರೆ ಮಕ್ಕಳು ಪುಸ್ತಕವನ್ನು ಮುಟ್ಟರೆಂದು. ಇದು ನಿರಾಧಾರವಾದುದಲ್ಲ. ಆಟಗಳನ್ನೂ ಚಿತ್ರಗಳನ್ನೂ ಬಿಟ್ಟರೆ ಬೇರೇನನ್ನೂ ತೋರಿಸದ ಯಂತ್ರದಿಂದ ಪುಸ್ತಕಕ್ಕೆ ಹಾನಿಯುಂಟು. ಅದರ ಪರಿಹಾರವು ಯಂತ್ರಕ್ಕೆ ಬೀಗವನ್ನು ಹಾಕುವುದರಲ್ಲಿಲ್ಲ, ಪಕ್ಕದಲ್ಲಿ ಕುಳಿತು ಕಲಿಸುವವರಿರುವುದರಲ್ಲಿದೆ.

ಯಂತ್ರವು ಪುಸ್ತಕದ ಕಡೆಗೇ ಕರೆದೊಯ್ಯುವ ದಾರಿಯೊಂದನ್ನು ಇಲ್ಲಿ ಹೇಳಬೇಕು. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ಅಷ್ಟನ್ನೂ ಕೊಂಡಿಡುವ ಶಕ್ತಿಯು ಪ್ರತಿಯೊಂದು ಹಳ್ಳಿಗೂ ಇಲ್ಲ. ಅನಂತರ ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮೊದಲಾದವರ ಪರಿಶ್ರಮದಿಂದ ‘ವಚನ ಸಂಚಯ’ವೆಂಬ ಜಾಲತಾಣವು ಸಿದ್ಧವಾಗಿ, ಸುಮಾರು ೨೦ ಸಾವಿರ ವಚನಗಳಲ್ಲಿ ಬೇಕಾದ ಶಬ್ದವನ್ನು ಹುಡುಕಿ ತೆಗೆಯುವ ಸೌಕರ್ಯವು ಉಚಿತವಾಗಿ ದೊರೆಯಿತು. ಒಂದು ಶಬ್ದವನ್ನು ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿರುವರೆಂದು ತಿಳಿಯಲು ಹಿಂದಿನ ಪಂಡಿತರಿಗೆ ಆಯುಷ್ಯದ ಹಲವು ವರ್ಷಗಳು ಬೇಕಾಗುತ್ತಿದ್ದವು. ಈಗ ಕೊರಟಗೆರೆಯ ಒಬ್ಬ ಹೈಸ್ಕೂಲು ಹುಡುಗಿಯು ಅದನ್ನು ಕ್ಷಣದಲ್ಲಿ ಕಾಣಬಲ್ಲಳು.

ಕಾಣುವುದಷ್ಟೇ. ತಿಳಿಯುವುದು ಬೇರೆ. ಯಂತ್ರವು ಅಕ್ಷರಗಳನ್ನು ಹೋಲಿಸುವುದೇ ಹೊರತು ಅರ್ಥವನ್ನರಿಯದು. ‘ಅರಿವು’ ಎಂದು ಕೇಳಿದರೆ ‘ಅರಿವು’ ಇರುವ ವಚನಗಳನ್ನು ತರುವುದು; ಅದೇ ಧಾತುವಿನ ‘ಅರಿದು’, ‘ಅರಿಯದೆ’ ಎಂಬೀ ರೂಪಗಳನ್ನು ಬಿಟ್ಟುಬಿಡುವುದು. ಅವನ್ನೂ ಕೇಳಬೇಕೆಂಬ ಬುದ್ಧಿಯು ವ್ಯಾಕರಣವನ್ನು ಬಲ್ಲವನಿಗೆ ಮಾತ್ರ ಹೊಳೆಯುವುದು. ಪಾಠಾಂತರಗಳ ವಿಚಾರ ಬಂದಾಗ ಅಚ್ಚಾದ ಸಂಪುಟವನ್ನೂ, ಸಾಧ್ಯವಾದರೆ ಮೂಲದ ಓಲೆಯನ್ನೂ ನೋಡದೆ ಗತ್ಯಂತರವಿಲ್ಲ. ಹೀಗೆ ಗಣಕದ ಮುಂದೆ ಕುಳಿತ ಹುಡುಗಿಯು ಕಪಾಟಿನ ಕಡೆಗೆ ಎದ್ದು ಹೋಗುವಳು. ಗ್ರಂಥಾಲಯದಲ್ಲಿ ಈ ಅಭ್ಯಾಸ ನಡೆಯಬೇಕೆಂಬುದಕ್ಕೆ ಇದೂ ಒಂದು ಕಾರಣ. ಪೇಟೆಯ ಸೈಬರ್ ಅಂಗಡಿಯಲ್ಲಿ ಎದ್ದು ಹೋಗಲು ಕಪಾಟಿಲ್ಲ.

ಕಲಿಸುವವರು ಯಾರು ಎಂಬಲ್ಲಿಗೆ ಮಾತು ಬಂದು ನಿಲ್ಲುವುದು. ಕೇಂದ್ರ ಸರ್ಕಾರವು ೨೦೧೭ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತೆಯ ಅಭಿಯಾನವೊಂದನ್ನು ಆರಂಭಿಸಿ, ಮನೆಗೊಬ್ಬರಂತೆ ೬ ಕೋಟಿ ಮನೆಗಳನ್ನು ಮುಟ್ಟುವ ಗುರಿಯಿಂದ ೨೦ ಗಂಟೆಗಳ ಪಾಠವನ್ನು ಏರ್ಪಡಿಸಿತ್ತು. ಅದು ೨೦೨೪ರಲ್ಲಿ ಮುಗಿಯಿತು. ಇಪ್ಪತ್ತು ಗಂಟೆಗಳು ಆರಂಭಕ್ಕೆ ಸಾಕು. ಅಭ್ಯಾಸ ಬಿಟ್ಟರೆ ಇಪ್ಪತ್ತು ದಿವಸಗಳಲ್ಲಿ ಮರೆಯಲೂ ಸಾಕು. ಪ್ರಮಾಣಪತ್ರವು ಗೋಡೆಯ ಮೇಲೆ ಉಳಿಯುವುದು. ನಿತ್ಯವೂ ತೆರೆದಿರುವ, ಮರೆತುದನ್ನು ಸಂಕೋಚವಿಲ್ಲದೆ ಮತ್ತೆ ಕೇಳಬಹುದಾದ ಸ್ಥಳವು ಗ್ರಂಥಾಲಯವೊಂದೇ. ಅಲ್ಲಿರುವವರು ಸಾಮಾನ್ಯವಾಗಿ ಒಬ್ಬರೇ ಮೇಲ್ವಿಚಾರಕರು. ಪುಸ್ತಕ ಕೊಡುವುದು, ಪತ್ರಿಕೆ ಜೋಡಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು, ಕಸ ಗುಡಿಸುವುದು ಎಲ್ಲವೂ ಅವರ ಪಾಲಿಗೆ. ಅವರ ಮೇಲೆಯೇ ಇದನ್ನೂ ಹೊರಿಸಿ, ನಡೆಯಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಇಲ್ಲಿ ಮಠದ ಶಿಷ್ಯವರ್ಗಕ್ಕೆ ಕೆಲಸವುಂಟು. ಈ ಸೀಮೆಗೆ ನೆರೆಯದಾದ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳವರು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು; ಅದೇ ಮಠದ ಆಶ್ರಯದಲ್ಲಿ ೧೯೬೩ರಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಅನ್ನ, ಅಕ್ಷರ, ಆಶ್ರಯಗಳ ದಾಸೋಹದಲ್ಲಿ ಯಂತ್ರವಿದ್ಯೆಗೂ ಸ್ಥಳವುಂಟೆಂದು ಅವರು ನಡೆದು ತೋರಿಸಿರುವರು. ಓದಿ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಹಬ್ಬಕ್ಕೂ ಜಾತ್ರೆಗೂ ಊರಿಗೆ ಬರುವರು. ಬಂದಾಗ ಗ್ರಂಥಾಲಯದಲ್ಲಿ ಎರಡು ಗಂಟೆ ಕುಳಿತರೆ ಆಗದೆ? ಕಾಲೇಜಿನಲ್ಲಿ ಓದುತ್ತಿರುವವರು ಭಾನುವಾರಕ್ಕೊಂದು ಗಂಟೆ ಕೊಡಬಹುದು. ಒಬ್ಬರಿಗೆ ಒಬ್ಬರಂತೆ ಪಕ್ಕದಲ್ಲಿ ಕುಳಿತು ಕಲಿಸುವುದೇ ಹಿರಿಯರಿಗೆ ಒಗ್ಗುವುದು. ತರಗತಿಯಲ್ಲಿ ಮೊಮ್ಮಕ್ಕಳ ಮುಂದೆ ತಪ್ಪಿದರೆ ನಗೆಪಾಟಲೆಂದು ಅವರು ಮರುದಿವಸ ಬರುವುದಿಲ್ಲ. ಕಲಿಸುವವರಿಗೆ ಒಂದೇ ನಿಯಮ. ಮೌಸನ್ನು ಕಲಿಯುವವರ ಕೈಯಿಂದ ಕಸಿದುಕೊಳ್ಳಕೂಡದು. ‘ಕೊಡಿ, ನಾನೇ ಮಾಡಿಕೊಡುತ್ತೇನೆ’ ಎಂದ ಕೂಡಲೆ ಗ್ರಂಥಾಲಯವೂ ಪೇಟೆಯ ಅಂಗಡಿಯಾಯಿತು, ಶಾನುಭೋಗರ ಪಡಸಾಲೆಯೂ ಆಯಿತು.

ತಾಯಂದಿರ ವೇಳೆಯನ್ನು ವಿಚಾರಿಸಿ ಪಾಠದ ಹೊತ್ತನ್ನು ಗೊತ್ತುಮಾಡತಕ್ಕದ್ದು. ಬೆಳಗ್ಗೆ ಅವರಿಗೆ ಬಿಡುವಿಲ್ಲ. ಸಂಜೆ ಹಸುಗಳು ಮನೆಗೆ ಬರುವುವು. ಮಧ್ಯಾಹ್ನದ ಎರಡು ಗಂಟೆಯ ಹೊತ್ತು ಅವರದು. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದ್ದರೆ ಅರ್ಧ ಊರಿಗೆ ಬಾಗಿಲು ಮುಚ್ಚಿದಂತೆಯೇ. ಕರೆಂಟು ಹೋಗುವ ಹೊತ್ತನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು. ಅಂಥ ವೇಳೆ ಕೀಲಿಮಣೆಯ ಚಿತ್ರವನ್ನು ಕಾಗದದ ಮೇಲೆ ಬರೆದು ಬೆರಳಾಡಿಸುವುದನ್ನು ಕಲಿಸಬಹುದು. ಮರಳಿನ ಮೇಲೆ ಅಕ್ಷರ ತಿದ್ದಿಸಿದ ನಾಡಿಗೆ ಇದು ಹೊಸದಲ್ಲ.

ಮೊದಲನೆಯ ದಿವಸ ಬರುವವರು ಮೂರು ವಸ್ತುಗಳನ್ನು ತಂದರೆ ಸಾಕು: ತಮ್ಮ ಹೊಲದ ಸರ್ವೆ ನಂಬರನ್ನೂ ಹಿಸ್ಸಾ ನಂಬರನ್ನೂ ಬರೆದ ಒಂದು ಚೀಟಿ, ಕನ್ನಡಕ, ಮತ್ತು ಮನೆಯಲ್ಲಿ ಹಳೆಯ ಪಹಣಿಯಿದ್ದರೆ ಅದು. ಹೆಸರನ್ನು ಬರೆಯಲು ಕಲಿತ ಬಳಿಕ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದಾಗಿ ತಾವೇ ಆರಿಸಿ, ನಂಬರನ್ನು ತಾವೇ ಒತ್ತಿ, ತೆರೆಯ ಮೇಲೆ ಬಂದ ಪಹಣಿಯನ್ನು ಕೈಯಲ್ಲಿರುವ ಹಳೆಯದರೊಡನೆ ಸಾಲುಸಾಲಾಗಿ ಹೋಲಿಸಿ ನೋಡಲಿ. ಎಷ್ಟು ಹೊತ್ತು ಹಿಡಿದರೂ ಪಕ್ಕದಲ್ಲಿ ಕುಳಿತವರು ಕೈಕಟ್ಟಿಕೊಂಡು ಕುಳಿತಿರಲಿ.